ಮೂರೇಟು ಮೇಸ್ತ್ರಿಯ ಐದನೇ ಏಟು

ನನ್ನ ಮಾವನನ್ನು ಎಲ್ಲರೂ ಮೂರೇಟು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಕುದುರೆಯ ಗೊರಸಿಗೆ ಲಾಳ ಕಟ್ಟುವುದು ಅವರ ಕೆಲಸ. ಬೇರೆಯವರು ಒಂದು ಮೊಳೆಗೆ ಐದಾರು ಏಟು ಹಾಕಿದರೆ ಇವರಿಗೆ ಮೂರು ಸಾಕು. ಮೊದಲನೆಯದು ದಾರಿ ತೋರಿಸುವುದಕ್ಕೆ, ಎರಡನೆಯದು ಒಳಗೆ ಕಳಿಸುವುದಕ್ಕೆ, ಮೂರನೆಯದು ಕೂರಿಸುವುದಕ್ಕೆ. ನಲವತ್ತು ವರ್ಷ ಹೀಗೇ ನಡೆಯಿತು. ಹೆಸರು ಬಂದವರಿಗೆ ಅದನ್ನು ಉಳಿಸಿಕೊಳ್ಳುವ ಕಷ್ಟ ಇದ್ದೇ ಇರುತ್ತದಲ್ಲ, ನಾಲ್ಕನೇ ಏಟು ಕೇಳುವ ಗಟ್ಟಿ ಗೊರಸನ್ನೂ ಅವರು ಹಲ್ಲು ಕಚ್ಚಿ ಮೂರರಲ್ಲೇ ಮುಗಿಸುತ್ತಿದ್ದರು. ಆಮೇಲೆ ಮನೆಗೆ ಬಂದು ಭುಜ ಹಿಡಿದುಕೊಂಡು ನರಳುತ್ತಿದ್ದರು. ಅತ್ತೆ ಎಣ್ಣೆ ಬಿಸಿ ಮಾಡುತ್ತಾ, "ನಾಲ್ಕನೇ ಏಟಿಗೇನು ತೆರಿಗೆ ಇದೆಯಾ?" ಎಂದು ಕೇಳುತ್ತಿದ್ದರು.

ನಾನು ಅವರ ಸೊಸೆ. ನನ್ನ ಗಂಡ ಕುದುರೆ ಸಾಗಿಸುವ ಲಾರಿ ಓಡಿಸುತ್ತಾನೆ. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ, ಹತ್ತು ದಿನ ಹಾಸಿಗೆಯ ಮೇಲೆ. ಮದುವೆಯಾದ ಎರಡು ತಿಂಗಳಿಗೇ ನಾಲ್ಕು ಗೋಡೆ ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. ಮಾವ ಹೋಗುವ ಸವಾರಿ ಶಾಲೆಯ ಲಾಯದಲ್ಲಿ ಲದ್ದಿ ಬಾಚಲು ಜನ ಬೇಕೆಂದು ಗೊತ್ತಾಗಿ, ನಾನು ಬರುತ್ತೇನೆ ಎಂದೆ. "ಸೊಸೆ ಲದ್ದಿ ಬಾಚೋಕೆ ಹೋದ್ರೆ ನೋಡಿದವರು ಏನಂತಾರೆ?" ಎಂದು ಅತ್ತೆ ಮುಖ ಊದಿಸಿಕೊಂಡರು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕುದುರೆಗೆ ಸೊಸೆ, ಮಗಳು ಅಂತೆಲ್ಲ ಗೊತ್ತಾಗಲ್ಲ ಕಣೇ. ಕೈ ಒಳ್ಳೇದಾ ಕೆಟ್ಟದ್ದಾ, ಅಷ್ಟೇ ಗೊತ್ತಾಗೋದು. ಬರಲಿ ಬಿಡು," ಎಂದರು. ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ. ಒಂಬತ್ತು ವರ್ಷದಲ್ಲಿ ಲದ್ದಿ ಬಾಚುವುದರಿಂದ ಹತ್ತೊಂಬತ್ತು ಕುದುರೆಗಳ ಉಸ್ತುವಾರಿಯವರೆಗೆ ಬಂದೆ.

ಕುದುರೆಯ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಮಾವ ಕಲಿಸಿದ್ದು. ಗೊರಸಿನ ಹೊರಗೋಡೆ ನಮ್ಮ ಉಗುರಿನ ಹಾಗೆ, ಅದಕ್ಕೆ ನೋವಿಲ್ಲ. ಅದರ ಒಳಗೆ ಬೆರಳಗಲದಷ್ಟೂ ದೂರವಿಲ್ಲದೆ ಜೀವವಿರುವ ಮಾಂಸವಿದೆ. ಮೊಳೆ ಗೋಡೆಯಲ್ಲೇ ಹೋಗಿ ಗೋಡೆಯಲ್ಲೇ ಹೊರಗೆ ಬರಬೇಕು. "ಗಟ್ಟಿ ಗೋಡೇಲಿ ಹೋಗೋ ಮೊಳೆ ಮಾತಾಡುತ್ತೆ," ಎನ್ನುತ್ತಿದ್ದರು ಮಾವ. "ಟಣ್ ಟಣ್ ಅಂತ ಕೈಗೂ ಕೇಳುತ್ತೆ, ಕಿವಿಗೂ ಕೇಳುತ್ತೆ. ಮಾಂಸದ ಹತ್ತಿರ ಹೋಯ್ತೋ, ಮೂಕ ಆಗುತ್ತೆ. ಮೂಕ ಆದ ಮೊಳೇನ ತಕ್ಷಣ ಕಿತ್ತುಬಿಡಬೇಕು." ಕೆಟ್ಟ ಕೆಲಸಗಾರರ ಬಗ್ಗೆಯೂ ಅವರದೊಂದು ಮಾತಿತ್ತು: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂತಾಳೆ, ಲಾಳ ಕಟ್ಟೋಕೆ ಬಾರದವನು ಕುದುರೆಗೆ ಭುಜ ನೋವು ಅಂತಾನೆ. ಅವನು ಭುಜ ಅಂದ್ರೆ ನೀನು ಸೀದಾ ಅವನ ಮೊಳೆ ನೋಡು." ಇದನ್ನು ಹೇಳಿ ಹೇಳಿ ಲಾಯದವರನ್ನೆಲ್ಲ ನಗಿಸಿದ್ದರು.

ಹೋದ ವರ್ಷದ ಚಳಿಗಾಲದಿಂದ ಅವರಲ್ಲಿ ಏನೋ ಬದಲಾಗಿತ್ತು. ಅದನ್ನು ಕಣ್ಣಾರೆ ಕಂಡೂ ನಾವು ಕಾಣಲಿಲ್ಲ. ಒಲೆಯಿಂದ ಆಗತಾನೇ ಇಳಿಸಿದ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದು ಮಾತಾಡುತ್ತಾ ಕೂರುತ್ತಿದ್ದರು. "ನಿಮ್ಮದು ಎಮ್ಮೆ ಚರ್ಮ," ಎಂದು ಅತ್ತೆ ಛೇಡಿಸಿದರೆ, "ನಲವತ್ತು ವರ್ಷ ಕಾದ ಕಬ್ಬಿಣ ಹಿಡಿದ ಕೈ," ಎಂದು ಬೀಗುತ್ತಿದ್ದರು. ಅಂಗಿಯ ಗುಂಡಿಯನ್ನು ಅತ್ತೆಯೇ ಹಾಕುತ್ತಿದ್ದರು. ಮುದುಕ ಮುದುಕಿಗೆ ಈಗ ಸರಸ ಹೆಚ್ಚಾಗಿದೆ ಎಂದು ನಾನು ಗಂಡನಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದೆ. ಆ ನಗುವನ್ನು ನೆನೆದರೆ ಈಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಬೂದಿ ಎಂಬುದು ನಮ್ಮ ಲಾಯದ ಹೆಣ್ಣು ಕುದುರೆ. ಬೂದಿ ಬಣ್ಣ, ಹದಿನಾರು ವರ್ಷ ವಯಸ್ಸು. ಸವಾರಿ ಕಲಿಯಲು ಬರುವ ಮಕ್ಕಳನ್ನು ಮೊದಲ ದಿನ ಕೂರಿಸುವುದು ಇದರ ಮೇಲೆಯೇ. ಮಗು ಜಾರಿದರೆ ತಾನಾಗಿಯೇ ನಿಂತುಬಿಡುತ್ತದೆ. ಅವತ್ತು ಮಾವ ಅದಕ್ಕೆ ಹೊಸ ಲಾಳ ಕಟ್ಟುತ್ತಿದ್ದರು, ನಾನು ತಲೆ ಹಿಡಿದು ನಿಂತಿದ್ದೆ. ಮುಂದಿನ ಬಲಗಾಲು, ಹೊರಬದಿ, ಮುಂದಿನಿಂದ ಎರಡನೇ ಮೊಳೆ. ಮೂರು ಏಟು ಬಿತ್ತು. ಆಮೇಲೆ ನಾಲ್ಕನೆಯದೂ ಬಿತ್ತು. ನನ್ನ ಕಿವಿ ನೆಟ್ಟಗಾಯಿತು. ಐದನೆಯದರ ಸದ್ದು ಹಸಿ ಮಣ್ಣಿನ ಮೇಲೆ ಬಿದ್ದಂತಿತ್ತು. ಬೂದಿ ಕಾಲನ್ನು ಎಳೆದುಕೊಂಡಿತು. "ಸುಮ್ನೆ ನಿಲ್ಲೇ," ಎಂದು ಮಾವ ಅದರ ಹೊಟ್ಟೆಗೆ ಮೆಲ್ಲನೆ ತಟ್ಟಿ ಮುಂದಿನ ಮೊಳೆ ತೆಗೆದುಕೊಂಡರು. ಮೂಕ ಆದ ಮೊಳೆಯನ್ನು ಕೀಳಬೇಕೆಂದು ನನಗೆ ಕಲಿಸಿದವರೇ ಅವರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರಿಗೇ ನಾನು ಹೇಳಿಕೊಡುವುದೇ ಎಂದು ನುಂಗಿಕೊಂಡೆ.

ನಾಲ್ಕನೇ ದಿನ ಬೂದಿ ಆ ಕಾಲನ್ನು ಸ್ವಲ್ಪ ಹಗುರ ಮಾಡಿ ಇಡತೊಡಗಿತು. ಒಂಬತ್ತನೇ ದಿನಕ್ಕೆ ಎದ್ದು ಕಾಣುವಂತೆ ಕುಂಟುತ್ತಿತ್ತು. ಲಾಯದ ಯಜಮಾನರಿಗೆ ಕುದುರೆಗಳೆಂದರೆ ಬಹಳ ಪ್ರೀತಿ, ಓಡುವ ಕುದುರೆಗಳೆಂದರೆ ಮಾತ್ರ. ಬರುವ ಭಾನುವಾರ ಮಕ್ಕಳ ಸವಾರಿ ಸ್ಪರ್ಧೆ ಇತ್ತು. ಅವರು ಬೂದಿಯ ಸುತ್ತ ಎರಡು ಸಲ ಸುತ್ತಿ, "ವಯಸ್ಸಾಯ್ತು. ಡಾಕ್ಟ್ರು ಒಂದ್ಸಲ ನೋಡ್ಲಿ. ಕಾರಣ ಸಿಕ್ಕಿದ್ರೆ ಸರಿ, ಸಿಗದಿದ್ರೆ ಸೋಮವಾರ ಲಾರಿಯವನಿಗೆ ಹೇಳ್ತೀನಿ," ಎಂದರು. ಮುದಿ ಕುದುರೆಗಳನ್ನು ಒಯ್ಯುವ ಒಂದು ಲಾರಿ ಇದೆ. ಅದರಲ್ಲಿ ಹೋದದ್ದು ತಿರುಗಿ ಬರುವುದಿಲ್ಲ. ಅದನ್ನು ಓಡಿಸುವವನು ನನ್ನ ಗಂಡನಲ್ಲ ಎಂಬುದೊಂದೇ ನನಗೆ ಸಮಾಧಾನ.

"ಮೇಸ್ತ್ರಿಗಳೇ, ನಿಮಗೇನು ಅನ್ಸುತ್ತೆ?" ಎಂದು ಯಜಮಾನರು ಕೇಳಿದರು.

ಮಾವ ಬೂದಿಯ ಕುತ್ತಿಗೆಯ ಕೆಳಗೆ ಕೈಯಾಡಿಸಿದರು. "ಭುಜ ಇರಬಹುದು," ಎಂದರು.

ನಾನು ಸೀದಾ ಬೂದಿಯ ಗೊರಸಿನ ಮೊಳೆ ನೋಡಿದೆ. ಮಾವ ನನ್ನ ಕಡೆ ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಡಾಕ್ಟರಮ್ಮ ಬಂದರು. ನನಗಿಂತ ಎರಡು ವರ್ಷ ದೊಡ್ಡವರು, ಮೊಣಕಾಲವರೆಗೆ ರಬ್ಬರ್ ಬೂಟು, ಕೂದಲನ್ನು ಪೆನ್ನಿನಿಂದ ಸಿಕ್ಕಿಸಿ ಕಟ್ಟಿರುತ್ತಾರೆ. ಮೊದಲು ನಾನು ಬೂದಿಯನ್ನು ಸಿಮೆಂಟಿನ ಅಂಗಳದಲ್ಲಿ ಹಗ್ಗ ಹಿಡಿದು ಓಡಿಸಿದೆ. ನೋಯುವ ಕಾಲು ನೆಲಕ್ಕೆ ತಾಗಿದಾಗ ಕುದುರೆಯ ತಲೆ ಮೇಲಕ್ಕೆ ಹಾರುತ್ತದೆ. ಬಲಗಾಲು ಊರಿದಾಗಲೆಲ್ಲ ಬೂದಿಯ ತಲೆ ಹಾರುತ್ತಿತ್ತು. ಆಮೇಲೆ ಗೊರಸನ್ನು ದೊಡ್ಡ ಇಕ್ಕಳದಿಂದ ಅಲ್ಲಲ್ಲಿ ಒತ್ತಿ ನೋಡಬೇಕು. ಒಳಗೆ ನೋವಿದ್ದರೆ ಕುದುರೆ ಕಾಲು ಎಳೆದುಕೊಳ್ಳುತ್ತದೆ. ನಮ್ಮ ಲಾಯದಲ್ಲಿ ಇಕ್ಕಳ ಹಿಡಿಯುವುದು ಮಾವ, ಕುದುರೆಯ ಕಣ್ಣು ಕಿವಿ ನೋಡುವುದು ಡಾಕ್ಟರಮ್ಮ. ಡಾಕ್ಟರಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಶುರುವಾದ ಪದ್ಧತಿ. ಮೇಸ್ತ್ರಿಯ ಕೈಗಿರುವಷ್ಟು ಬುದ್ಧಿ ನನ್ನ ಕೈಗಿಲ್ಲ ಎಂದು ಅವರೇ ಹೇಳಿದ್ದರು.

ಮಾವ ಬೂದಿಯ ಕಾಲನ್ನು ಮಂಡಿಗಳ ನಡುವೆ ಹಿಡಿದು ಹಿಮ್ಮಡಿಯಿಂದ ಒತ್ತುತ್ತಾ ಬಂದರು. ಇಕ್ಕಳ ಬಿಗಿಯುವಾಗ ಅವರ ಮುಂಗೈಯಲ್ಲಿ ನರಗಳು ಹಗ್ಗದಂತೆ ಏಳುತ್ತವೆ. ಒಂಬತ್ತು ವರ್ಷದಿಂದ ನೋಡಿದ್ದೇನೆ. ಹಿಮ್ಮಡಿಯಲ್ಲಿ ಎದ್ದವು. ಅಂಗಾಲಿನಲ್ಲಿ, ಒಳಬದಿಯ ಮೂರು ಮೊಳೆಗಳಲ್ಲಿ, ಹೊರಬದಿಯ ಮೊದಲ ಮೊಳೆಯಲ್ಲಿ ಎದ್ದವು. ಎರಡನೇ ಮೊಳೆಗೆ ಬಂದಾಗ ಇಕ್ಕಳ ಮುಚ್ಚಿತು, ಮುಂಗೈ ಮಾತ್ರ ಸಡಿಲವಾಗಿಯೇ ಇತ್ತು. ಬೂದಿ ಅಲುಗಲಿಲ್ಲ.

"ಗೊರಸು ಸರಿಯಾಗಿದೆ," ಎಂದರು ಡಾಕ್ಟರಮ್ಮ. ನನ್ನ ಕಡೆ ತಿರುಗಿ, "ಲಾಳ ಕಟ್ಟಿದ ದಿನ ಏನೂ ತೊಂದರೆ ಆಗಿರ್ಲಿಲ್ಲ ತಾನೇ?" ಎಂದು ಕೇಳಿದರು.

ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡಂತಾಯಿತು. "ಇಲ್ಲ ಡಾಕ್ಟ್ರೇ," ಎಂದೆ. ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಸೂಜಿ ಹಾಕೇ ಹುಡುಕ್ಬೇಕು," ಎಂದು ಅವರು ಬಾಗಿಲ ಬಳಿ ನಿಂತಿದ್ದ ಯಜಮಾನರಿಗೆ ವಿವರಿಸಿದರು. "ಮನೇಲಿ ಎಲ್ಲೋ ರೇಡಿಯೋ ಕಿರುಚ್ತಾ ಇದೆ, ಯಾವ ಕೋಣೆ ಅಂತ ಗೊತ್ತಿಲ್ಲ ಅಂದ್ಕೊಳ್ಳಿ. ಒಂದೊಂದೇ ಕೋಣೆಯ ಫ್ಯೂಸ್ ತೆಗೀತಾ ಬರೋದು. ಯಾವ ಫ್ಯೂಸ್ ತೆಗೆದಾಗ ಸದ್ದು ನಿಲ್ಲುತ್ತೋ ಆ ಕೋಣೆ. ಕಾಲಿನ ನರಗಳನ್ನ ಕೆಳಗಿಂದ ಮೇಲಕ್ಕೆ ಒಂದೊಂದಾಗಿ ಮರಗಟ್ಟಿಸ್ತೀನಿ. ಯಾವಾಗ ಕುಂಟೋದು ನಿಲ್ಲುತ್ತೋ ನೋವು ಅಲ್ಲಿದೆ."

ಹಿಮ್ಮಡಿಯ ಮೇಲೆ, ಕಾಲಿನ ಎರಡೂ ಬದಿಗೆ, ಸ್ಪಿರಿಟ್ ಹಚ್ಚಿ ಉಜ್ಜಿ ಸಣ್ಣ ಸೂಜಿಯಲ್ಲಿ ಮದ್ದು ಕೊಟ್ಟರು. ಹತ್ತು ನಿಮಿಷ ಕಾಯಬೇಕು. ಡಾಕ್ಟರಮ್ಮ ಕೈ ತೊಳೆಯಲು ನಲ್ಲಿಯ ಕಡೆ ಹೋದರು. ನಾನು ಮಾವನ ಹತ್ತಿರ ಸರಿದೆ.

"ಮಾವ, ಹೊರಬದಿ ಎರಡನೇ ಮೊಳೆ."

"ಸುಮ್ನಿರು."

"ಐದು ಏಟು ಹಾಕಿದ್ರಿ. ನಾನು ಎಣಿಸ್ದೆ."

"ಎಣಿಸೋಕೆ ಬರುತ್ತೆ ಅಂತ ಗೊತ್ತು. ಸುಮ್ನಿರು ಅಂದೆ."

ಅವರು ನನಗೆ ಹಾಗೆ ಗದರಿದ್ದು ಅದೇ ಮೊದಲು. ದನಿ ಗಟ್ಟಿಯಾಗಿರಲಿಲ್ಲ. ಸಿಟ್ಟು ಬಂದು ನಾನು ಮುಖ ತಿರುಗಿಸಿದೆ. ಬೂದಿ ನನ್ನ ಜೇಬಿನಲ್ಲಿ ಏನಾದರೂ ಇದೆಯೇ ಎಂದು ಮೂತಿಯಿಂದ ಹುಡುಕುತ್ತಿತ್ತು.

ಹತ್ತು ನಿಮಿಷದ ಮೇಲೆ ಡಾಕ್ಟರಮ್ಮ ತಲೆಯಿಂದ ಪೆನ್ನು ತೆಗೆದು ಅದರ ತುದಿಯಿಂದ ಬೂದಿಯ ಹಿಮ್ಮಡಿಯನ್ನು ಒತ್ತಿದರು. ಅದಕ್ಕೆ ಗೊತ್ತೇ ಆಗಲಿಲ್ಲ. ಓಡಿಸಿದೆ. ತಲೆ ಮೊದಲಿನಂತೆಯೇ ಹಾರುತ್ತಿತ್ತು. "ನೋಡಿ, ನಾನು ಹೇಳ್ದೆ, ಭುಜ," ಎಂದರು ಮಾವ. ಡಾಕ್ಟರಮ್ಮ ಅಲ್ಲವೆಂದು ತಲೆಯಾಡಿಸಿದರು. ಈ ಸೂಜಿ ಗೊರಸಿನ ಹಿಂಭಾಗವನ್ನಷ್ಟೇ ಮರಗಟ್ಟಿಸುತ್ತದೆ, ಮುಂಭಾಗ ಇನ್ನೂ ಎಚ್ಚರವಾಗಿದೆ ಎಂದರು. ಗೊರಸಿನ ಮೇಲಿನ ಗೆಣ್ಣಿನ ಮಟ್ಟದಲ್ಲಿ ಎರಡನೇ ಸಲ ಸೂಜಿ ಹಾಕಿದರು. ಅದು ಇಡೀ ಗೊರಸಿಗೆ. ಮತ್ತೆ ಹತ್ತು ನಿಮಿಷ. ಈ ಸಲ ಮಾವ ನನ್ನಿಂದ ದೂರ ಹೋಗಿ ಹುಲ್ಲಿನ ಮೂಟೆಯ ಮೇಲೆ ಕೂತರು.

ಹಗ್ಗ ಹಿಡಿದು ಓಡಿದಾಗ ಬೂದಿ ನನ್ನ ಪಕ್ಕದಲ್ಲಿ ಹತ್ತು ವರ್ಷ ಚಿಕ್ಕದಾಗಿ ಓಡಿತು. ತಲೆ ಹಾರಲಿಲ್ಲ. ನಾಲ್ಕೂ ಗೊರಸಿನ ಸದ್ದು ಒಂದೇ ಸಮ. ಯಜಮಾನರು ಚಪ್ಪಾಳೆ ತಟ್ಟಿದರು. "ಸರಿ ಹೋಯ್ತಲ್ಲ. ಭಾನುವಾರ ಬೆಳಿಗ್ಗೆ ಇದೇ ಸೂಜಿ ಒಂದು ಹಾಕ್ಬಿಡಿ ಡಾಕ್ಟ್ರೇ, ಒಂದು ದಿನ ತಳ್ಳಿದ್ರೆ ಸಾಕು."

ಡಾಕ್ಟರಮ್ಮ ಅವರ ಕಡೆ ತಿರುಗಿದರು. "ನೋವು ಹೋಗಿಲ್ಲ ಸರ್. ನೋವು ಇರೋದು ಅದಕ್ಕೆ ಗೊತ್ತಾಗ್ತಿಲ್ಲ, ಅಷ್ಟೇ. ಗೊತ್ತಾಗದೇ ಇರೋದು ಇನ್ನೂ ಅಪಾಯ. ಒಳಗೆ ಮೂಳೆ ಬಿರುಕು ಬಿಟ್ಟಿದ್ರೆ ಹೀಗೇ ಊರಿ ಊರಿ ಮುರ್ಕೊಳ್ಳುತ್ತೆ." ನನಗೆ ಓಟ ನಿಲ್ಲಿಸಲು ಕೈ ಮಾಡಿದರು. "ನೋವು ಗೊರಸಲ್ಲೇ ಇದೆ. ಇಕ್ಕಳಕ್ಕೆ ಸಿಗ್ಲಿಲ್ಲ ಅಂದ್ರೆ ಮೂಳೆ ಇರಬೇಕು. ಎಕ್ಸ್‌ರೇ ತೆಗೀತೀನಿ. ಮೇಸ್ತ್ರಿಗಳೇ, ಆ ಲಾಳ ಕಳಚಿ."

"ಮೂಳೆ ಆದ್ರೆ?" ಎಂದರು ಯಜಮಾನರು.

"ಆರು ತಿಂಗಳು ಕಟ್ಟಿ ಹಾಕ್ಬೇಕು."

"ಆರು ತಿಂಗಳು," ಎಂದು ಯಜಮಾನರು ಫೋನು ತೆಗೆದುಕೊಂಡು ಹೊರಗೆ ಹೋದರು. ಯಾರಿಗೆ ಫೋನು ಎಂದು ಯಾರೂ ಕೇಳಲಿಲ್ಲ. ಡಾಕ್ಟರಮ್ಮ ಎಕ್ಸ್‌ರೇ ಪೆಟ್ಟಿಗೆ ತರಲು ತಮ್ಮ ಗಾಡಿಯ ಕಡೆ ನಡೆದರು.

ಮಾವ ಗೊರಸನ್ನು ಮಂಡಿಗೇರಿಸಿಕೊಂಡು ಮೊಳೆಗಳನ್ನು ಕೀಳತೊಡಗಿದರು. ಏಳು ಮೊಳೆ. ಕಿತ್ತದ್ದನ್ನು ಪಕ್ಕದ ತಗಡಿನ ಡಬ್ಬಿಗೆ ಹಾಕುತ್ತಾರೆ; ಟಿಂಕ್ ಎಂದು ಸದ್ದಾಗುತ್ತದೆ. ಆಗ ನನಗೆ ಹೊಳೆಯಿತು. ಎಚ್ಚರವಿರುವ ಕಾಲಾಗಿದ್ದರೆ ಆ ಎರಡನೇ ಮೊಳೆಗೆ ಕೈ ಹಾಕಿದೊಡನೆ ಬೂದಿ ಒದೆಯುತ್ತಿತ್ತು, ಲಾಯದ ತುಂಬಾ ಗೊತ್ತಾಗುತ್ತಿತ್ತು. ಈಗ ಗೊರಸು ಮರಗಟ್ಟಿದೆ. ಮೊಳೆ ಸದ್ದಿಲ್ಲದೆ ಹೊರಗೆ ಬರುತ್ತದೆ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಮೇಸ್ತ್ರಿಯ ಹೆಸರು ಉಳಿಯುತ್ತದೆ. ಒಳಗೆ ಉಳಿದ ಕೀವು ಮೇಲೇರಿ ಗೊರಸನ್ನು ತಿನ್ನುತ್ತದೆ. ಅಷ್ಟರಲ್ಲಿ ಲಾರಿ ಬಂದಿರುತ್ತದೆ.

ಟಿಂಕ್ ಎಂದು ಆರು ಸಲ ಕೇಳಿತು. ಏಳನೆಯದು ಕೇಳಲಿಲ್ಲ.

ಮಾವನ ಎಡಗೈ ಮುಷ್ಟಿಯಾಗಿತ್ತು. ಮುಚ್ಚುವ ಮೊದಲು ನಾನು ನೋಡಿಬಿಟ್ಟಿದ್ದೆ: ಮೊಳೆಯ ಮೈಯೆಲ್ಲ ಕಪ್ಪಗೆ ಒದ್ದೆ. ಕೊಳೆತ ವಾಸನೆ ಮೂಗಿಗೆ ಬಂದಿತ್ತು. ಅವರು ಬಲಗೈಯಿಂದ ಗೊರಸನ್ನು ಕೆಳಗಿಳಿಸಿ ಎದ್ದು ನಿಂತರು. ಹೊರಗೆ ಗಾಡಿಯ ಬಾಗಿಲು ಹಾಕಿದ ಸದ್ದಾಯಿತು. ಕೂಗಿಬಿಡಲೇ ಎಂದುಕೊಂಡೆ. ಈ ಮನುಷ್ಯ ನನಗೆ ಅನ್ನದ ದಾರಿ ತೋರಿಸಿದವರು. ಬೂದಿ ಒಂಬತ್ತು ವರ್ಷದಲ್ಲಿ ಒಂದು ಮಗುವನ್ನೂ ಬೀಳಿಸಿದ್ದಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಸಿಮೆಂಟಿನ ಮೇಲೆ ಕೆಂಪು ಹನಿಯೊಂದು ಬಿತ್ತು. ಆಮೇಲೆ ಇನ್ನೊಂದು. ಬೂದಿಯ ಕಾಲು ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಹನಿ ಬೀಳುತ್ತಿದ್ದದ್ದು ಮಾವನ ಮುಷ್ಟಿಯಿಂದ.

"ಮಾವ, ಕೈಯಲ್ಲಿ ರಕ್ತ."

"ಎಲ್ಲಿ?" ಎಂದು ಅವರು ಬಲಗೈ ನೋಡಿಕೊಂಡರು.

"ಆ ಕೈ."

ಅವರು ಎಡಗೈ ಬಿಡಿಸಿದರು. ಮೊಳೆಯ ತುದಿ ಉಂಗುರದ ಬೆರಳಿನ ಬುಡದಲ್ಲಿ ಅರ್ಧ ಇಂಚು ಒಳಗೆ ಹೋಗಿತ್ತು. ಯಾರದೋ ಕೈ ನೋಡುವಂತೆ ಅವರು ಅದನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೋ, ಡಾಕ್ಟರಮ್ಮ ಪೆಟ್ಟಿಗೆ ಹೊತ್ತು ಒಳಗೆ ಬಂದಾಗಲೂ ನೋಡುತ್ತಲೇ ಇದ್ದರು. ಆಮೇಲೆ ತಾವಾಗಿಯೇ ಅವರೆದುರು ಹೋಗಿ ಆ ಕೈಯನ್ನು ಹಾಗೇ ಚಾಚಿದರು.

"ಪೆಟ್ಟಿಗೆ ಇಳಿಸಿ ಡಾಕ್ಟ್ರಮ್ಮ. ಮೂಳೆ ಅಲ್ಲ, ಭುಜಾನೂ ಅಲ್ಲ. ನನ್ನ ಮೊಳೆ. ಇಕ್ಕಳಾನೂ ನಾನು ಒತ್ಲಿಲ್ಲ."

"ನನಗೂ ಗೊತ್ತಿತ್ತು," ಎಂದೆ. "ನೀವು ಕೇಳಿದಾಗ ಸುಳ್ಳು ಹೇಳ್ದೆ."

ಡಾಕ್ಟರಮ್ಮ ನಮ್ಮಿಬ್ಬರನ್ನೂ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬಾಗಿದ ಚಾಕು ತೆಗೆದು ಆ ಮೊಳೆಯ ತೂತನ್ನು ಕೆರೆದು ಅಗಲ ಮಾಡಿದರು. ಕಪ್ಪು ನೀರು ಚಿಮ್ಮಿತು, ಲಾಯವೆಲ್ಲ ನಾರಿತು. ಬೂದಿ ಕಣ್ಣು ಅರೆಮುಚ್ಚಿ ನಿಂತಿತ್ತು. ಉಪ್ಪು ಹಾಕಿದ ಬಿಸಿ ನೀರಿನ ಬಕೆಟ್ಟಿನಲ್ಲಿ ಕಾಲು ಇಳಿಸಿ, ಆಮೇಲೆ ಪಟ್ಟಿ ಸುತ್ತಿದೆವು. ಬೂದಿ ಅದಾದ ಹನ್ನೊಂದನೇ ದಿನಕ್ಕೆ ಸರಿಯಾಗಿ ನಡೆಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಜಮಾನರು ಎಲ್ಲ ಕೇಳಿಸಿಕೊಂಡು, ಲಾರಿಯವನಿಗೆ ಬೇಡವೆಂದು ಹೇಳುತ್ತೇನೆ ಎಂದರು. ಹೋಗುವಾಗ ತಿರುಗಿ ನಿಂತು, "ನಾಳೆಯಿಂದ ಬೇರೆ ಮೇಸ್ತ್ರಿ ನೋಡ್ಕೋತೀನಿ," ಎಂದರು. ಮಾವ ಆಗಲಿ ಎಂದು ತಲೆಯಾಡಿಸಿದರು.

ಡಾಕ್ಟರಮ್ಮ ಮಾವನನ್ನು ಹುಲ್ಲಿನ ಮೂಟೆಯ ಮೇಲೆ ಕೂರಿಸಿ ಗಾಯಕ್ಕೆ ಸ್ಪಿರಿಟ್ ಸುರಿದರು. ಮಾವನ ಮುಖ ಅಲುಗಲಿಲ್ಲ. ಡಾಕ್ಟರಮ್ಮ ಕೈ ನಿಲ್ಲಿಸಿ ಅವರನ್ನು ನೋಡಿದರು. ಆಮೇಲೆ ತಲೆಯಿಂದ ಪೆನ್ನು ತೆಗೆದರು.

"ಮೇಸ್ತ್ರಿಗಳೇ, ಆ ಕಡೆ ಮುಖ ಮಾಡಿ. ಪೆನ್ನು ಮುಟ್ಟಿದಾಗ ಹೇಳಿ."

ಮಾವ ಬೂದಿಯ ಕಡೆ ಮುಖ ತಿರುಗಿಸಿದರು. ಡಾಕ್ಟರಮ್ಮ ಹೆಬ್ಬೆರಳ ತುದಿ ಒತ್ತಿದರು. ತೋರುಬೆರಳು ಒತ್ತಿದರು. ನಡುಬೆರಳು, ಉಂಗುರದ ಬೆರಳು. ಚರ್ಮದಲ್ಲಿ ಪೆನ್ನಿನ ಗುಳಿ ಬಿದ್ದಿತ್ತು.

"ಶುರು ಮಾಡಿ ಡಾಕ್ಟ್ರಮ್ಮ, ನಾನು ಕಾಯ್ತಾ ಇದೀನಿ," ಎಂದರು ಮಾವ.

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಡಾಕ್ಟರಮ್ಮ ಕೆಳಗಿಂದ ಮೇಲಕ್ಕೆ ಹೋದರು, ಬೂದಿಗೆ ಮಾಡಿದ ಹಾಗೆಯೇ. ಬೆರಳ ಬುಡ, ಅಂಗೈ, ಅಂಗೈಯ ಅಂಚು. ಮಣಿಕಟ್ಟಿಗೆ ಬಂದಾಗ ಮಾವ, "ಹಾಂ, ಈಗ ಮುಟ್ಟಿದ್ರಿ," ಎಂದರು. ಇನ್ನೊಂದು ಕೈಯೂ ಅಷ್ಟೇ.

"ಎಷ್ಟು ದಿನದಿಂದ ಹೀಗೆ?"

"ಹೋದ ವರ್ಷ ಚಳಿಗಾಲದಿಂದ. ಸುತ್ತಿಗೆ ಹಿಡಿದಿರೋದು ಕಣ್ಣಿಗೆ ಕಾಣುತ್ತೆ, ಕೈಗೆ ಗೊತ್ತಾಗಲ್ಲ. ಮೊಳೆ ಮೂಕ ಆಯ್ತೋ ನನ್ನ ಕೈಯೇ ಕಿವುಡಾಯ್ತೋ ತಿಳೀದೆ ಇನ್ನೆರಡು ಏಟು ಹಾಕಿಬಿಟ್ಟೆ."

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಸುತ್ತಿಗೆ ಇಳಿಸು ಅಂತೀರಿ," ಎಂದರು ಮಾವ. "ಇಳಿಸಿ ನಾನೇನು ಮಾಡ್ಲಿ?"

ಸಕ್ಕರೆ ಕಾಯಿಲೆ ಇರಬಹುದು, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರಮ್ಮ ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಕೈ ಸರಿಹೋಗುತ್ತದೆಯೇ ಎಂದು ಮಾವ ಕೇಳಿದ್ದಕ್ಕೆ, ತಾನು ಕುದುರೆಯ ಡಾಕ್ಟರು, ಅದನ್ನು ಹೇಳಲಾರೆ ಎಂದರು. ಬೂದಿಯ ಮದ್ದು ಇನ್ನೆರಡು ಗಂಟೆಯಲ್ಲಿ ಇಳಿಯುತ್ತದೆ, ಅಲ್ಲಿಯವರೆಗೆ ಅಲುಗಾಡಿಸಬೇಡಿ ಎಂದು ಹೇಳಿ ಹೊರಟರು.

ನಾವಿಬ್ಬರೂ ಬೂದಿಯ ಎದುರು ಕೂತೆವು. ಅತ್ತೆಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಪಟ್ಟಿ ಸುತ್ತಿದ ಎಡಗೈಯನ್ನು ಮಡಿಲಲ್ಲಿಟ್ಟು, ಬಲಗೈಯಲ್ಲಿ ಸುತ್ತಿಗೆ ಹಿಡಿದು, ಮಾವ ಬೂದಿಯ ಕಾಲನ್ನೇ ನೋಡುತ್ತಿದ್ದರು. ಬಿಸಿಲು ಬಾಗಿಲಿನಿಂದ ಒಳಗೆ ಬಂದು ಬಕೆಟ್ಟಿನವರೆಗೆ ಸರಿಯಿತು. ಬೂದಿ ಇದ್ದಕ್ಕಿದ್ದಂತೆ ಬಲಗಾಲನ್ನು ನೆಲದಿಂದ ಸ್ವಲ್ಪ ಎತ್ತಿತು. ಮತ್ತೆ ಊರಿತು, ಮತ್ತೆ ಎತ್ತಿ ಹಗುರವಾಗಿ ಹಿಡಿಯಿತು.

"ನೋಡು," ಎಂದರು ಮಾವ. "ಇವಳಿಗೆ ವಾಪಸ್ ಬಂತು."

ಅವರು ಅಳುತ್ತಿದ್ದರು. ನಾನು ಅವರ ಕೈಯಿಂದ ಸುತ್ತಿಗೆಯನ್ನು ತೆಗೆದು ನನ್ನ ಪಕ್ಕಕ್ಕೆ ಇಟ್ಟುಕೊಂಡೆ. ಅವರ ಕಣ್ಣು ಬೂದಿಯ ಮೇಲೇ ಇತ್ತು. ಸುತ್ತಿಗೆ ಹೋದದ್ದು ಅವರಿಗೆ ಗೊತ್ತಾಗಲಿಲ್ಲ.